ಅಮ್ಮನ ಕ್ಯಾನ್ಸರ್ ಚಿಕಿತ್ಸೆಗೆ ಹೊರದೇಶಕ್ಕೆ ಹೊರಡುವ ಮುಂಚೆ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನ ನಾವು ಮೂವರು ಮಕ್ಕಳು ಮಾಡಿದ ಮೊದಲ ಕೆಲಸ ಅವರ ಪಾಸ್‌ಪೋರ್ಟ್ ಹುಡುಕಿದ್ದು. ಮೊದಲು ಮಾಡಬೇಕಾದ ಕೆಲಸ ಅದಲ್ಲ ಅಂತ ತಿಳಿಯುವ ಹೊತ್ತಿಗೆ ಐದು ವಾರ ಕಳೆದಿತ್ತು. ಆಮೇಲೆ ಅದೇ ದಾರಿಗೆ ಬಿದ್ದ ಎಷ್ಟೋ ಮನೆಯವರು ನನಗೆ ಫೋನ್ ಮಾಡಿದ್ದಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಬರೆದಿಟ್ಟೆ. ನಾನು ಡಾಕ್ಟರ್ ಅಲ್ಲ, ಫೈಲು ಹೊತ್ತು ಓಡಾಡಿದ ಮಗಳು. ಅಮ್ಮ ಅಂತ ಬರೆದ ಕಡೆಯೆಲ್ಲ ನೀವು ಅಪ್ಪ ಅಂತ ಓದಿಕೊಳ್ಳಬಹುದು.

ಹೊರದೇಶಕ್ಕೆ ಕರೆದುಕೊಂಡು ಹೋದರೆ ಅಮ್ಮ ಉಳಿಯುತ್ತಾರಾ?

ಇದನ್ನು ಯಾರೂ ಮೊದಲು ಕೇಳುವುದಿಲ್ಲ. ವೀಸಾ, ಟಿಕೆಟ್ಟು, ಖರ್ಚು ಎಲ್ಲ ಕೇಳಿ ಮುಗಿಸಿ, ಫೋನ್ ಇಡುವ ಹೊತ್ತಿಗೆ ದನಿ ತಗ್ಗಿಸಿ ಕೇಳುತ್ತಾರೆ. ಅದಕ್ಕೇ ಇಲ್ಲಿ ಮೊದಲಿಗೇ ಇಟ್ಟೆ.

ದೇಶ ಬದಲಾದರೆ ಕಾಯಿಲೆ ಬದಲಾಗುವುದಿಲ್ಲ. ಯಾವ ಕ್ಯಾನ್ಸರ್, ಎಷ್ಟು ಹರಡಿದೆ, ಅಮ್ಮನ ಮೈಯಲ್ಲಿ ಎಷ್ಟು ಕಸುವಿದೆ, ಹೆಚ್ಚಿನದೆಲ್ಲ ಈ ಮೂರರ ಮೇಲೆ ನಿಂತಿದೆ. ಸಾಮಾನ್ಯವಾಗಿ ಕಾಣುವ ಕ್ಯಾನ್ಸರ್‌ಗಳಿಗೆ ಕೊಡುವ ಕೀಮೋ ಔಷಧಿಗಳು ಬಹುಪಾಲು ಎಲ್ಲ ಕಡೆಯೂ ಅವೇ. ಸಿಸ್ಪ್ಲಾಟಿನ್ ಎಲ್ಲಿ ಹಾಕಿದರೂ ಸಿಸ್ಪ್ಲಾಟಿನ್ನೇ.

ಹೋದರೆ ನಿಜವಾಗಿ ಪ್ರಯೋಜನ ಆಗುವ ಸಂದರ್ಭಗಳೂ ಇವೆ. ಒಂದು, ಹತ್ತಿರದಲ್ಲಿ ಎಲ್ಲೂ ಇಲ್ಲದ ಯಂತ್ರ. ಜಪಾನಿನ ಚಿಬಾದಲ್ಲಿ 1994ರಿಂದ ಕಾರ್ಬನ್ ಅಯಾನ್ ವಿಕಿರಣ, ಅಂದರೆ ಎಕ್ಸ್-ರೇ ಬದಲು ಇಂಗಾಲದ ಕಣಗಳನ್ನು ಗಡ್ಡೆಗೆ ಬಿಡುವ ಚಿಕಿತ್ಸೆ, ಕೊಡುತ್ತಿದ್ದಾರೆ. ಅಂಥ ಕೇಂದ್ರ ಇರುವ ದೇಶಗಳು ಇವತ್ತಿಗೂ ಕೆಲವೇ ಕೆಲವು. ಇನ್ನೊಂದು, ಹೊಸ ಬಗೆಯ ಚಿಕಿತ್ಸೆ. ರೋಗಿಯ ರಕ್ತದಿಂದಲೇ ರೋಗದ ಜೊತೆ ಹೋರಾಡುವ ಟಿ ಕೋಶ ತೆಗೆದು, ಕ್ಯಾನ್ಸರನ್ನು ಗುರುತು ಹಿಡಿಯುವ ಹಾಗೆ ಬದಲಾಯಿಸಿ, ವಾಪಸ್ ಮೈಗೆ ಬಿಡುವ ಕಾರ್-ಟಿ ಚಿಕಿತ್ಸೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಅನುಮತಿ ಕೊಟ್ಟಿದ್ದು 2017ರಲ್ಲಿ. ಅದು ಎಲ್ಲ ಕ್ಯಾನ್ಸರ್‌ಗೂ ಅಲ್ಲ, ಈಗಲೂ ಮುಖ್ಯವಾಗಿ ರಕ್ತದ ಕೆಲವು ಕ್ಯಾನ್ಸರ್‌ಗಳಿಗೆ. ಮೂರನೆಯದು ಅಪರೂಪದ ಗಡ್ಡೆಗಳಲ್ಲಿ ಪಳಗಿದ ಕೈಯಿರುವ ಸರ್ಜನ್. ನಾವು ಹೋಗಿದ್ದು ಈ ಮೂರನೆಯದಕ್ಕೆ.

ಈಗ ನೋಡುತ್ತಿರುವ ಡಾಕ್ಟರ್ ಹತ್ತಿರ ಕೂತು ಒಂದೇ ಮಾತು ಕೇಳಿ. "ಇಲ್ಲಿ ಸಿಗದ ಯಾವುದು ಅಲ್ಲಿ ಸಿಗುತ್ತದೆ? ಅದರ ಹೆಸರು ಹೇಳಿ." ಹೆಸರು ಬಂದರೆ ಅದರ ಬೆನ್ನು ಹತ್ತಿ. "ಅಲ್ಲಿ ಎಲ್ಲ ಚೆನ್ನಾಗಿರುತ್ತೆ" ಅಂತ ನೆಂಟರು ಹೇಳುವ ಮಾತು ಚಿಕಿತ್ಸೆಯ ಹೆಸರಲ್ಲ.

ಹಾಗಾದರೆ ಮೊದಲು ಏನು ಮಾಡಬೇಕು?

ಅಮ್ಮನಿಗಿಂತ ಮುಂಚೆ ಅಮ್ಮನ ಸ್ಲೈಡ್ ಹೋಗಲಿ.

ಬಯಾಪ್ಸಿಯಲ್ಲಿ, ಅಂದರೆ ಪರೀಕ್ಷೆಗೆ ಅಂತ ಗಡ್ಡೆಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಅದರಿಂದ ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು, ಬಣ್ಣ ಹಾಕಿದರೆ ಅದು ಸ್ಲೈಡ್. ಲ್ಯಾಬ್ ಕೌಂಟರಿನಲ್ಲಿ ನಮಗೆ ಕೊಟ್ಟಿದ್ದು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಒಳಗೆ ಏಳು ಗಾಜಿನ ಪಟ್ಟಿ, ಪ್ರತಿಯೊಂದರ ಮೇಲೂ ನೇರಳೆ-ಗುಲಾಬಿ ಕಲೆ, ತುದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರು. ಅಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟೇ ಇಷ್ಟಾ?" ಅಂದರು.

ಆ ಇಷ್ಟೇ ಇಷ್ಟನ್ನು ಇನ್ನೊಬ್ಬ ಪೆಥಾಲಜಿಸ್ಟ್, ಅಂದರೆ ಸ್ಲೈಡ್ ಓದಿ ರೋಗ ಹೇಳುವ ಡಾಕ್ಟರ್, ನೋಡಿದರೆ ರೋಗದ ಹೆಸರೇ ಬದಲಾಗಬಹುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬೇರೆ ಕಡೆಯಿಂದ ಬಂದ 6171 ರೋಗಿಗಳ ಸ್ಲೈಡ್‌ಗಳನ್ನು ಮತ್ತೆ ಓದಿದಾಗ 86 ಜನರಲ್ಲಿ ದೊಡ್ಡ ವ್ಯತ್ಯಾಸ ಸಿಕ್ಕಿತು ಅಂತ 1999ರಲ್ಲಿ ಪ್ರಕಟಿಸಿದರು. ನೂರಕ್ಕೆ ಒಂದೂವರೆಯಷ್ಟು. ಕಡಿಮೆ ಅನಿಸುತ್ತೆ ಅಲ್ವಾ? ಆ ಒಂದೂವರೆಯಲ್ಲಿ ನಮ್ಮಮ್ಮ ಇದ್ದರೆ ಕಡಿಮೆ ಅನಿಸುವುದಿಲ್ಲ. ಸ್ನಾಯು, ಕೊಬ್ಬು, ಮೂಳೆಯಂಥ ಕಡೆ ಹುಟ್ಟುವ ಸಾರ್ಕೋಮಾದಂಥ ಅಪರೂಪದ ಗುಂಪಿನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಅಮ್ಮನದು ಹೊಟ್ಟೆಯ ಹಿಂಭಾಗದ ಗಡ್ಡೆ. ಮೊದಲ ರಿಪೋರ್ಟಿನಲ್ಲಿ ಒಂದು ಹೆಸರಿತ್ತು. ಹೊರಗಿನವರು ಎಂಡಿಎಂ2 ಅನ್ನುವ ಜೀನಿನ ಪರೀಕ್ಷೆ ಮಾಡಿ, ಇದು ಲೈಪೋಸಾರ್ಕೋಮಾ, ಕೊಬ್ಬಿನಲ್ಲಿ ಹುಟ್ಟುವ ಸಾರ್ಕೋಮಾ ಅಂದರು. ಮುಂದಿನ ವಾರ ಶುರುವಾಗಬೇಕಿದ್ದ ಕೀಮೋ ನಿಂತಿತು. ಮೊದಲು ಆಪರೇಷನ್ ಅಂತ ಆಯಿತು. ಇದೆಲ್ಲ ನಡೆದಾಗ ಅಮ್ಮ ಮನೆಯಲ್ಲೇ ಇದ್ದರು. ವಿಮಾನ ಹತ್ತಿದ್ದು ಆ ಡಬ್ಬಿ ಮಾತ್ರ.

ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಹಲವು ಹೀಗೆ ದೂರದಿಂದಲೇ ಎರಡನೇ ಅಭಿಪ್ರಾಯ ಕೊಡುತ್ತವೆ. ಅರ್ಧಕ್ಕರ್ಧ ಮನೆಯವರಿಗೆ ಬರುವ ಉತ್ತರ "ಈಗ ಕೊಡುತ್ತಿರುವ ಚಿಕಿತ್ಸೆ ಸರಿ ಇದೆ, ಅದನ್ನೇ ಮುಂದುವರಿಸಿ" ಅನ್ನೋದು. ನನಗೆ ಫೋನ್ ಮಾಡಿದವರ ಲೆಕ್ಕ ಇದು, ಅಧ್ಯಯನದ್ದಲ್ಲ. ಆ ಉತ್ತರ ಬಂದಾಗ ಕೆಲವರಿಗೆ ನಿರಾಸೆ ಆಗುತ್ತದೆ. ನನ್ನ ಕೇಳಿದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ಏನೇನು ಕಳಿಸಬೇಕು?

ಸ್ಲೈಡ್, ಸಾಧ್ಯವಾದರೆ ಬ್ಲಾಕ್, ಪೆಥಾಲಜಿ ರಿಪೋರ್ಟ್, ಸ್ಕ್ಯಾನ್‌ಗಳು, ಇದುವರೆಗೆ ಕೊಟ್ಟ ಚಿಕಿತ್ಸೆಯ ಪೂರ್ತಿ ವಿವರ, ಇತ್ತೀಚಿನ ರಕ್ತ ಪರೀಕ್ಷೆ, ಆಪರೇಷನ್ ಆಗಿದ್ದರೆ ಅದರ ನೋಟ್ಸ್.

ಸ್ಕ್ಯಾನ್ ಅಂದರೆ ಫಿಲ್ಮಿಗೆ ಮೊಬೈಲ್ ಹಿಡಿದು ತೆಗೆದ ಫೋಟೋ ಅಲ್ಲ. ಡೈಕಾಮ್ ಫೈಲು, ಅಂದರೆ ಸ್ಕ್ಯಾನ್ ಯಂತ್ರದ ಮೂಲ ಫೈಲೇ ಬೇಕು. ಸ್ಕ್ಯಾನ್ ಮಾಡಿದ ಕಡೆ ಕೇಳಿದರೆ ಸಿಡಿಯಲ್ಲೋ ಲಿಂಕಿನಲ್ಲೋ ಕೊಡುತ್ತಾರೆ. ಕೀಮೋ ಆಗಿದ್ದರೆ "ಆರು ಸಲ ಆಯ್ತು" ಅಂದರೆ ಸಾಲದು. ಔಷಧಿ, ಡೋಸ್, ತಾರೀಖು ಬೇಕು. ಬ್ಲಾಕ್ ಕಳಿಸುವಾಗ ನೆನಪಿರಲಿ, ಅದು ಮೇಣ. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಕೆಡಬಹುದು. ಎಲ್ಲ ಬ್ಲಾಕನ್ನೂ ಒಟ್ಟಿಗೆ ಕಳಿಸಬೇಡಿ, ಒಂದಾದರೂ ಲ್ಯಾಬಿನಲ್ಲೇ ಉಳಿಯಲಿ. ದಾರಿಯಲ್ಲಿ ಕಳೆದರೆ ಅಮ್ಮನಿಗೆ ಮತ್ತೆ ಸೂಜಿ ಚುಚ್ಚಿಸಬೇಕು.

ಇಷ್ಟೆಲ್ಲ ಕಾಗದದಲ್ಲಿ ಎಲ್ಲರೂ ಎಡವುವುದು ಎಲ್ಲಿ?

ಹೆಸರಿನಲ್ಲಿ. ಅಮ್ಮನ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿತ್ತು. ಆಸ್ಪತ್ರೆ ಫೈಲಿನಲ್ಲಿ ಇನಿಷಿಯಲ್ ಮಾತ್ರ. ಸ್ಕ್ಯಾನ್ ಸಿಡಿಯಲ್ಲಿ ಸ್ಪೆಲ್ಲಿಂಗ್ ಬೇರೆ, ವಯಸ್ಸು ಮೂರು ವರ್ಷ ಕಮ್ಮಿ. ಹೊರಗಿನ ಆಸ್ಪತ್ರೆಯವರು ಇವು ಇಬ್ಬರು ಹೆಂಗಸರ ದಾಖಲೆ ಅಂತ ವಾಪಸ್ ಕಳಿಸಿದರು. ನಾನು ಮೊದಲು ಹೇಳಿದ ಐದು ವಾರದಲ್ಲಿ ಎರಡು ವಾರ ಇದಕ್ಕೇ ಹೋಯಿತು. ಮುಂದಿನ ಸ್ಕ್ಯಾನ್‌ಗೆ ಹೋದಾಗ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ, ಅದರಲ್ಲಿ ಇದ್ದ ಹಾಗೇ ಹೆಸರು ಬರೆಸಿ.

ಅಮ್ಮನಿಗೆ ಕ್ಯಾನ್ಸರ್ ಅಂತ ನಾವು ಹೇಳಿಲ್ಲ. ಹೇಳದೇ ಕರೆದುಕೊಂಡು ಹೋಗಬಹುದಾ?

ಬಹುತೇಕ ಆಗುವುದಿಲ್ಲ. ಹೆಚ್ಚಿನ ದೇಶಗಳಲ್ಲಿ ಡಾಕ್ಟರ್ ಮಾತಾಡುವುದು ರೋಗಿಯ ಹತ್ತಿರ, ಸಹಿ ಹಾಕಬೇಕಾದವರೂ ರೋಗಿಯೇ. ಮಗ ಪಕ್ಕದಲ್ಲಿ ಕಣ್ಸನ್ನೆ ಮಾಡಿದರೆ ಅವರಿಗೆ ಅರ್ಥವಾಗುವುದಿಲ್ಲ. ಅರ್ಥವಾದರೂ ಒಪ್ಪುವುದಿಲ್ಲ. ಹನ್ನೆರಡು ಗಂಟೆ ವಿಮಾನದಲ್ಲಿ ಕೂತು ಬಂದ ಅಮ್ಮನಿಗೆ, ಗುರುತಿಲ್ಲದ ಕೋಣೆಯಲ್ಲಿ, ಬೇರೆ ಭಾಷೆಯಲ್ಲಿ, ಮೊದಲ ಸಲ ಆ ಪದ ಕೇಳಿಸಬೇಕಾ? ಮನೆಯಲ್ಲೇ, ನಿಮ್ಮ ಬಾಯಿಂದ ಕೇಳಲಿ.

ಹೇಳಬಾರದು ಅನ್ನುವುದು ನಮ್ಮ ಮನೆಗಳ ಕಟ್ಟುಪಾಡು ಮಾತ್ರ ಅಂದುಕೊಳ್ಳಬೇಡಿ. 1961ರಲ್ಲಿ ಅಮೆರಿಕದ ಶಿಕಾಗೋದಲ್ಲಿ 219 ಡಾಕ್ಟರುಗಳನ್ನು ಕೇಳಿದಾಗ ನೂರಕ್ಕೆ 90 ಮಂದಿ ರೋಗಿಗೆ ಕ್ಯಾನ್ಸರ್ ಅಂತ ಹೇಳುವುದಿಲ್ಲ ಅಂದಿದ್ದರು. ಅಮೆರಿಕದಲ್ಲೇ ಇನ್ನೊಂದು ಕಡೆ ಡಾಕ್ಟರುಗಳಿಗೆ ಅದೇ ಪ್ರಶ್ನೆ ಕೇಳಿ 1979ರಲ್ಲಿ ಪ್ರಕಟಿಸಿದರು. ಆಗ ನೂರಕ್ಕೆ 97 ಮಂದಿ ಹೇಳುತ್ತೇವೆ ಅಂದಿದ್ದರು. ಹದಿನೆಂಟೇ ವರ್ಷ.

ನಾವೂ ಮೂರು ವಾರ ಮುಚ್ಚಿಟ್ಟಿದ್ದೆವು. ಕೊನೆಗೆ ತಂಗಿ ಬಾಯಿ ಬಿಟ್ಟಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತು ಬಿಡು. ನೀವೆಲ್ಲ ನನ್ನ ಮುಂದೆ ಇಷ್ಟು ನಯವಾಗಿ ಮಾತಾಡಿದ್ದು ಯಾವತ್ತು?" ಅಂದರು.

ಪ್ರಯಾಣಕ್ಕೆ ಅಮ್ಮನಲ್ಲಿ ಶಕ್ತಿ ಇದೆಯಾ ಅಂತ ಹೇಗೆ ತಿಳಿಯೋದು?

ಡಾಕ್ಟರುಗಳು ಈಕಾಗ್ ಅನ್ನುವ ಅಳತೆ ಬಳಸುತ್ತಾರೆ. ಸೊನ್ನೆ ಅಂದರೆ ಮೊದಲಿನ ಹಾಗೇ ಓಡಾಡುತ್ತಾರೆ. 4 ಅಂದರೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುತ್ತಿದ್ದರೆ 3. ಹೆಚ್ಚಿನ ಟ್ರಯಲ್‌ಗಳು, ಅಂದರೆ ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಅಧ್ಯಯನಗಳು, ಮತ್ತು ಕಠಿಣ ಚಿಕಿತ್ಸೆಗಳು 0, 1, ಹೆಚ್ಚೆಂದರೆ 2 ಇದ್ದವರನ್ನು ತೆಗೆದುಕೊಳ್ಳುತ್ತವೆ. ಮನೆಯವರ ಕಣ್ಣು ಇಲ್ಲಿ ಮೋಸ ಮಾಡುತ್ತದೆ. ಡಾಕ್ಟರ್ ಕೇಳಿದರೆ "ಓಡಾಡ್ತಾರೆ ಡಾಕ್ಟ್ರೇ" ಅಂತೀವಿ. ಓಡಾಡುವುದು ಬಚ್ಚಲಿಗೆ ಮಾತ್ರ. ಒಂದು ವಾರ ಸುಮ್ನೆ ಬರೆದಿಡಿ, ಎಷ್ಟು ಹೊತ್ತಿಗೆ ಎದ್ದರು, ಎಷ್ಟು ಹೊತ್ತು ಮಲಗಿದರು ಅಂತ. ಆ ಹಾಳೆ ಡಾಕ್ಟರಿಗೆ ಕೊಡಿ.

ಟ್ರಯಲ್‌ಗೆ ಸೇರಿಸಿದರೆ ಎಲ್ಲ ಉಚಿತ ಅಂತಾರೆ. ನಿಜವಾ?

ಪರೀಕ್ಷೆಗೆ ಒಳಗಾಗುತ್ತಿರುವ ಔಷಧಿ ಸಾಮಾನ್ಯವಾಗಿ ಉಚಿತ. ಪ್ರಯಾಣ, ವಾಸ, ಮಾಮೂಲು ಚಿಕಿತ್ಸೆಯ ಭಾಗ, ತೊಂದರೆಯಾದಾಗ ಸೇರುವ ಬೇರೆ ವಾರ್ಡು, ಇವು ಉಚಿತ ಆಗಿರಬೇಕಿಲ್ಲ. ಬರಹದಲ್ಲಿ ಕೇಳಿ.

ಮೊದಲನೇ ಹಂತದ ಟ್ರಯಲ್‌ನ ಮುಖ್ಯ ಉದ್ದೇಶ ಎಷ್ಟು ಡೋಸ್ ತಡೆದುಕೊಳ್ಳಬಹುದು ಅಂತ ನೋಡುವುದು. ಗುಣ ಆಗುತ್ತದಾ ಅನ್ನೋದು ಆಮೇಲಿನ ಪ್ರಶ್ನೆ. ಇದನ್ನು ತಿಳಿದೇ ಸೇರುವವರಿದ್ದಾರೆ, ಅವರ ಬಗ್ಗೆ ನನಗೆ ಗೌರವ. ತಿಳಿಯದೇ ಮನೆ ಮಾರಿ ಹೊರಡುವವರನ್ನು ಕಂಡರೆ ಸಂಕಟ. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಅನ್ನುವ ದಾಖಲೆ 2000ದಿಂದ ಎಲ್ಲರಿಗೂ ತೆರೆದಿದೆ. ಬೇರೆ ಬೇರೆ ದೇಶಗಳ ಟ್ರಯಲ್‌ಗಳೂ ಅಲ್ಲಿ ಸಿಗುತ್ತವೆ. ಎಲ್ಲೆಲ್ಲಿ ನಡೆಯುತ್ತಿದೆ ಅನ್ನುವ ಪಟ್ಟಿಯನ್ನು ಕೆಳಗಿನ ತನಕ ನೋಡಿ. ದೂರದ ದೇಶದ್ದು ಅಂದುಕೊಂಡ ಟ್ರಯಲ್ ಹತ್ತಿರದ ಊರಿನಲ್ಲೇ ಇದ್ದದ್ದೂ ಉಂಟು.

ಔಷಧಿ ಮಾತ್ರ ಸಿಗುತ್ತಿಲ್ಲ, ಡಾಕ್ಟರು ಚೆನ್ನಾಗಿದ್ದಾರೆ. ಆಗ?

ಆಗ ಅಮ್ಮ ಹೋಗುವುದಕ್ಕಿಂತ ಔಷಧಿ ಬರುವುದು ಸುಲಭ. ಹಲವು ದೇಶಗಳಲ್ಲಿ ಒಬ್ಬ ರೋಗಿಯ ಹೆಸರಿನಲ್ಲೇ ಔಷಧಿ ತರಿಸಿಕೊಳ್ಳಲು ಅನುಮತಿ ಸಿಗುತ್ತದೆ. ಇನ್ನೂ ಮಾರುಕಟ್ಟೆಗೆ ಬಾರದ ಔಷಧಿಯನ್ನು ಕಂಪನಿಗಳು ಕೆಲವು ಸಲ ಕರುಣೆಯ ಆಧಾರದಲ್ಲಿ ಕೊಡುತ್ತವೆ. ಅರ್ಜಿ ಹಾಕಬೇಕಾದವರು ಡಾಕ್ಟರ್, ನಾವಲ್ಲ. ಮ್ಯಾಕ್ಸ್ ಫೌಂಡೇಶನ್ ಅನ್ನುವ ಸಂಸ್ಥೆ 1997ರಲ್ಲಿ ಶುರುವಾಯಿತು. ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರಿನ ಇಮಾಟಿನಿಬ್ ಮಾತ್ರೆಯನ್ನು ಕೊಳ್ಳಲಾಗದ ಸಾವಿರಾರು ಜನರಿಗೆ, ಅವರವರ ದೇಶದಲ್ಲೇ, ಕಂಪನಿಯ ಜೊತೆ ಸೇರಿ ತಲುಪಿಸಿದೆ. ಅವರಲ್ಲಿ ಯಾರೂ ಮಾತ್ರೆಗಾಗಿ ದೇಶ ಬಿಡಬೇಕಾಗಲಿಲ್ಲ.

ಅಪ್ಪನಿಗೆ ಅಸ್ಥಿಮಜ್ಜೆ ಕಸಿ ಬೇಕು. ಮಕ್ಕಳು ನಾವು ಕೊಡಬಹುದಾ?

ಮಕ್ಕಳ ಜೀನು ಅರ್ಧ ಅಪ್ಪನದು, ಅರ್ಧ ಅಮ್ಮನದು. ಹಾಗಾಗಿ ನೀವು ಯಾವಾಗಲೂ ಅರ್ಧ ಹೊಂದುತ್ತೀರಿ. ಅಪ್ಪನ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು. ಅರ್ಧ ಹೊಂದಿಕೆಯ ಕಸಿಯನ್ನೂ ಈಗ ಹಲವು ಕೇಂದ್ರಗಳು ಮಾಡುತ್ತವೆ. ಒಂದು ವಿಷಯ ಮೊದಲೇ ಗೊತ್ತಿರಲಿ. ಇನ್ನೊಬ್ಬರ ಕೋಶ ಪಡೆದವರು ಸುಮಾರು ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು, ಜೊತೆಗೆ ಇಪ್ಪತ್ನಾಲ್ಕು ಗಂಟೆಯೂ ಒಬ್ಬರು ಇರಬೇಕು ಅನ್ನುವುದು ಸಾಮಾನ್ಯ ನಿಯಮ. ಆ ನೂರು ದಿನ ಯಾರು ಕೆಲಸ ಬಿಟ್ಟು ಕೂರುತ್ತಾರೆ ಅನ್ನೋದು ಹೊರಡುವ ಮುಂಚೆಯೇ ತೀರ್ಮಾನ ಆಗಲಿ.

ಆಸ್ಪತ್ರೆಯವರು ಕೊಟ್ಟ ಎಸ್ಟಿಮೇಟ್ ನಂಬಬಹುದಾ?

ನಂಬಿ, ಆದರೆ ಅದರಲ್ಲಿ ಇಲ್ಲದ್ದನ್ನು ಓದಿ. ಐಸಿಯು ದಿನಗಳು, ರಕ್ತ, ಮತ್ತೆ ಮಾಡಬೇಕಾದ ಸ್ಕ್ಯಾನ್, ಸೋಂಕು ಬಂದರೆ ಮತ್ತೆ ಸೇರುವುದು, ಮನೆಗೆ ಕೊಡುವ ಔಷಧಿ ಇವು ಬಹಳ ಸಲ ಲೆಕ್ಕದ ಹೊರಗಿರುತ್ತವೆ. ಮುಂಗಡ ಕಟ್ಟಿದ ಮೇಲೆ ಚಿಕಿತ್ಸೆ ಬೇಡ ಅನ್ನಿಸಿದರೆ ಎಷ್ಟು ವಾಪಸ್ ಬರುತ್ತದೆ ಅಂತ ಕೇಳಿ. ಹೊರದೇಶದ ರೋಗಿಗಳಿಗೆ ರಿಯಾಯಿತಿ ನಿಧಿ ಇದೆಯಾ ಅಂತಲೂ ಕೇಳಿ. ಇಲ್ಲ ಅನ್ನುವ ಕಡೆಯೇ ಜಾಸ್ತಿ, ಕೇಳುವುದರಲ್ಲಿ ಕಳೆದುಕೊಳ್ಳುವುದೇನು? ವಾಸಕ್ಕಂತೂ ಹುಡುಕಲೇಬೇಕು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 1970ರಿಂದ ಹೋಪ್ ಲಾಡ್ಜ್ ಅನ್ನುವ ಉಚಿತ ವಸತಿಗಳನ್ನು ನಡೆಸುತ್ತಿದೆ. ಇಂಥ ವ್ಯವಸ್ಥೆ ಇದ್ದರೆ ಆಸ್ಪತ್ರೆಯ ಸೋಶಿಯಲ್ ವರ್ಕರಿಗೆ ಗೊತ್ತಿರುತ್ತದೆ. ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಬೇಡಿ, ಅವರನ್ನು ಕೇಳಿ.

ಒಬ್ಬ ಏಜೆಂಟ್ ಎಲ್ಲ ನೋಡಿಕೊಳ್ಳುತ್ತೇನೆ ಅಂತಿದ್ದಾನೆ. ನಮ್ಮಿಂದ ದುಡ್ಡೂ ತಗೊಳ್ಳಲ್ವಂತೆ.

ಹಾಗಾದರೆ ಆಸ್ಪತ್ರೆಯಿಂದ ತಗೊಳ್ಳುತ್ತಾನೆ. ತಪ್ಪೇನಲ್ಲ, ಆದರೆ ಅವನು ತೋರಿಸುವ ಆಸ್ಪತ್ರೆಗಳ ಪಟ್ಟಿ ಯಾಕೆ ಅಷ್ಟು ಚಿಕ್ಕದು ಅಂತ ಅರ್ಥವಾಗುತ್ತದೆ. ಗೋಡೆಯ ಮೇಲೆ ಜೆಸಿಐ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮುದ್ರೆ ಇದೆ ಅಂತ ಅವನು ತೋರಿಸುತ್ತಾನೆ. ಅದು ಆಸ್ಪತ್ರೆಯ ಸುರಕ್ಷತೆ, ಶಿಸ್ತು, ದಾಖಲೆ ಇವನ್ನು ನೋಡಿ ಕೊಡುವ ಮುದ್ರೆ. ನಿಮ್ಮಮ್ಮನ ಗಡ್ಡೆಯನ್ನು ವರ್ಷಕ್ಕೆ ಎಷ್ಟು ಸಲ ತೆಗೆಯುತ್ತಾರೆ ಅಂತ ಅದು ಹೇಳುವುದಿಲ್ಲ. ಅದನ್ನು ಸರ್ಜನ್‌ನನ್ನೇ ಕೇಳಬೇಕು. ಕೇಳಿದರೆ ಒಳ್ಳೆಯ ಸರ್ಜನ್‌ಗೆ ಸಿಟ್ಟು ಬರುವುದಿಲ್ಲ.

ಜನರ ಹತ್ತಿರ ಸಹಾಯ ಕೇಳಬೇಕು. ಹೇಗೆ ಕೇಳೋದು ಅಂತಲೇ ಗೊತ್ತಾಗುತ್ತಿಲ್ಲ.

ಯಾರಿಗೂ ಗೊತ್ತಿರುವುದಿಲ್ಲ. ನಮ್ಮಣ್ಣ ಮೊದಲ ಸಲ ಬರೆದಿದ್ದು ಎರಡು ಪುಟ. ಅಮ್ಮ ಎಷ್ಟು ಒಳ್ಳೆಯವರು, ಎಷ್ಟು ಕಷ್ಟಪಟ್ಟು ನಮ್ಮನ್ನು ಸಾಕಿದರು ಅಂತೆಲ್ಲ. ಎಷ್ಟು ದುಡ್ಡು, ಯಾವುದಕ್ಕೆ, ಯಾವಾಗ ಬೇಕು ಅನ್ನೋದೇ ಇರಲಿಲ್ಲ. ಓದಿದವರು ಕಣ್ಣೊರೆಸಿಕೊಂಡು ಸುಮ್ಮನಾದರು. ಎರಡನೇ ಸಲ ಆರು ಸಾಲು ಬರೆದೆವು. ರೋಗದ ಹೆಸರು, ಏನು ಚಿಕಿತ್ಸೆ, ಆಸ್ಪತ್ರೆ ಕೊಟ್ಟ ಅಂದಾಜು, ನಮ್ಮ ಕೈಯಲ್ಲಿ ಇರುವುದು, ಬಾಕಿ, ಕೊನೇ ತಾರೀಖು. ಜೊತೆಗೆ ಎಸ್ಟಿಮೇಟಿನ ಪ್ರತಿ. ಆವತ್ತು ಸಂಜೆಯಿಂದಲೇ ಫೋನ್ ಬರತೊಡಗಿತು. ನಮ್ಮ ಕೈಯಲ್ಲಿ ಎಷ್ಟಿದೆ ಅನ್ನುವ ಸಾಲನ್ನು ಬಿಡಬೇಡಿ. ಕೊಡುವವರು ಮೊದಲು ನೋಡುವುದು ಅದನ್ನೇ.

ಹಣ ಬರುವ ಖಾತೆ ಅಮ್ಮನ ಹೆಸರಿನಲ್ಲಿರಲಿ, ಇಲ್ಲವೇ ಮನೆಯವರೊಬ್ಬರ ಹೆಸರಿನಲ್ಲಿ ಇದಕ್ಕಾಗಿಯೇ ತೆರೆದದ್ದಾಗಲಿ. ಸಂಬಳದ ಖಾತೆಗೆ ಬೆರೆಸಿದರೆ ಎರಡೇ ತಿಂಗಳಲ್ಲಿ ಯಾವುದು ಯಾರದು ಅಂತ ನಿಮಗೇ ತಿಳಿಯುವುದಿಲ್ಲ. ದೊಡ್ಡ ಮೊತ್ತ ಕೊಡುವವರಿಗೆ ನೇರ ಆಸ್ಪತ್ರೆಗೇ ಕಟ್ಟಲು ಹೇಳಿ. ರೋಗಿಯ ನಂಬರು ಕೊಟ್ಟರೆ ಹಲವು ಆಸ್ಪತ್ರೆಗಳು ತೆಗೆದುಕೊಳ್ಳುತ್ತವೆ. ಆನ್‌ಲೈನಿನಲ್ಲಿ ಹಣ ಕೂಡಿಸುವ ತಾಣಗಳಲ್ಲಿ ಹಾಕುವ ಮುಂಚೆ ಮೂರು ವಿಷಯ ನೋಡಿ: ನಿಮ್ಮ ದೇಶದ ಖಾತೆಗೆ ಅವರು ಹಣ ಕಳಿಸುತ್ತಾರಾ, ಎಷ್ಟು ಕಡಿತ, ಎಷ್ಟು ದಿನಕ್ಕೆ ಕೈಗೆ ಬರುತ್ತದೆ.

ಇನ್ನೊಂದು. ಎಲ್ಲರಿಗೂ ದುಡ್ಡು ಕೊಡಲಾಗುವುದಿಲ್ಲ, ಆದರೆ ಏನಾದರೂ ಮಾಡಬೇಕು ಅನ್ನಿಸುತ್ತಿರುತ್ತದೆ. ಅವರಿಗೆ ಕೆಲಸ ಕೊಡಿ. ಒಬ್ಬರು ಅಮ್ಮನ ರಿಪೋರ್ಟ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ತಾರೀಖಿನ ಪ್ರಕಾರ ಜೋಡಿಸಿಕೊಟ್ಟರು. ಆ ಉಪಕಾರವನ್ನು ನಾನು ಇನ್ನೂ ಮರೆತಿಲ್ಲ.

ಅಮ್ಮನ ಫೋಟೋ ಹಾಕಬೇಕಾ?

ಅಮ್ಮನನ್ನು ಕೇಳಿ. ನಮ್ಮಮ್ಮ "ಹಾಸಿಗೆ ಮೇಲಿರೋದು ಬೇಡ, ಮದುವೆ ಮನೇಲಿ ತೆಗೆದಿದ್ದು ಹಾಕಿ" ಅಂದರು. ಅದನ್ನೇ ಹಾಕಿದೆವು. ಪಾಸ್‌ಪೋರ್ಟ್ ನಂಬರು, ಮನೆ ವಿಳಾಸ, ಆಸ್ಪತ್ರೆ ಕಾರ್ಡಿನ ನಂಬರು ಕಾಣುವ ಹಾಗೆ ಯಾವ ಕಾಗದವನ್ನೂ ಹಂಚಬೇಡಿ. ಬೇರೆಯವರ ಅಮ್ಮನ ಫೋಟೋ, ಕಾಗದ ಕದ್ದು ತಮ್ಮ ಖಾತೆಗೆ ಹಣ ಎತ್ತುವವರಿದ್ದಾರೆ.

ಕೂಡಿದ ದುಡ್ಡು ಉಳಿದರೆ?

ಉಳಿದದ್ದನ್ನು ಏನು ಮಾಡುತ್ತೀರಿ ಅಂತ ಸಹಾಯ ಕೇಳುವಾಗಲೇ ಬರೆದಿಡಿ. ಆಮೇಲೆ ಹಾಗೇ ಮಾಡಿ.

ಒಂದು ಕ್ಲಿನಿಕ್‌ನವರು ಗ್ಯಾರಂಟಿ ಅಂತಿದ್ದಾರೆ. ಕೀಮೋ ಬೇಡವಂತೆ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅದು ಹುಲ್ಲು ಮಾರುವವನಿಗೂ ಗೊತ್ತು.

ಹಾಲಿವುಡ್ ನಟ ಸ್ಟೀವ್ ಮೆಕ್ವೀನ್‌ಗೆ ಮೀಸೋಥೀಲಿಯೋಮಾ ಅನ್ನುವ ಕ್ಯಾನ್ಸರ್ ಬಂದಿತ್ತು. ತನ್ನ ದೇಶದ ಡಾಕ್ಟರುಗಳು ಕೈಚೆಲ್ಲಿದಾಗ ಗಡಿ ದಾಟಿ ಮೆಕ್ಸಿಕೋಗೆ ಹೋದ. ಅಲ್ಲಿ ಕೊಟ್ಟ ಚಿಕಿತ್ಸೆಯಲ್ಲಿ ಲೇಟ್ರಿಲ್ ಅನ್ನುವ ಪದಾರ್ಥವೂ ಇತ್ತು. 1980ರ ನವೆಂಬರಿನಲ್ಲಿ ಅಲ್ಲೇ ಆಪರೇಷನ್ ಆದ ಮೇಲೆ ತೀರಿಕೊಂಡ, 50 ವರ್ಷಕ್ಕೆ. ಹಣ, ಹೆಸರು ಎರಡೂ ಇದ್ದವನು. ಲೇಟ್ರಿಲ್ ಅನ್ನು 178 ರೋಗಿಗಳ ಮೇಲೆ ಸರಿಯಾಗಿ ಪರೀಕ್ಷಿಸಿ 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಯೋಜನ ಕಾಣಲಿಲ್ಲ. ಕೆಲವರ ರಕ್ತದಲ್ಲಿ ಸಯನೈಡ್ ಮಟ್ಟ ಅಪಾಯದ ಹತ್ತಿರಕ್ಕೆ ಏರಿತ್ತು.

ಆ ಕಾಲ ಹೋಯಿತು ಅನ್ನುವ ಹಾಗೂ ಇಲ್ಲ. ಆಧಾರವಿಲ್ಲದ ಐದು ಬಗೆಯ ಚಿಕಿತ್ಸೆಗಳಿಗಾಗಿ ಜನರ ಹತ್ತಿರ ಹಣ ಕೇಳಿದ 1059 ಮನವಿಗಳನ್ನು ಸಂಶೋಧಕರು ಲೆಕ್ಕ ಹಾಕಿ 2018ರಲ್ಲಿ ಬರೆದರು. ಕ್ಯಾನ್ಸರಿಗೆ ಹೋಮಿಯೋಪತಿ, ನ್ಯಾಚುರೋಪತಿ ಅಂತ ಕೇಳಿದವೂ ಅದರಲ್ಲಿದ್ದವು. ಕೇಳಿದವರು ಕಳ್ಳರಲ್ಲ, ನಮ್ಮ ಹಾಗೇ ಹೆದರಿದ ಮಕ್ಕಳು.

ಗ್ಯಾರಂಟಿ ಅನ್ನುವ ಪದ ಕೇಳಿದ ಕೂಡಲೇ ಫೋನ್ ಇಡಿ. ನಿಜವಾದ ಕ್ಯಾನ್ಸರ್ ಡಾಕ್ಟರ್ ಬಾಯಲ್ಲಿ ನಾನು ಆ ಪದ ಒಮ್ಮೆಯೂ ಕೇಳಿಲ್ಲ.

ವೀಸಾಗೆ ಏನು ಬೇಕು?

ದೇಶಕ್ಕೊಂದು ನಿಯಮ. ಆದರೂ ಮೂರು ಕಾಗದ ಹೆಚ್ಚಿನ ಕಡೆ ಕೇಳುತ್ತಾರೆ. ಈಗಿನ ಡಾಕ್ಟರ್ ಬರೆದ ರೋಗದ ವಿವರ, ಹೊರಗಿನ ಆಸ್ಪತ್ರೆ ಚಿಕಿತ್ಸೆಗೆ ಒಪ್ಪಿ ಖರ್ಚು ಮತ್ತು ಅವಧಿ ಬರೆದು ಕೊಟ್ಟ ಪತ್ರ, ಖರ್ಚು ಭರಿಸುವವರ ಲೆಕ್ಕಪತ್ರ. ಅಮೆರಿಕಕ್ಕೆ ಬಿ-2 ವೀಸಾದಲ್ಲೇ ಚಿಕಿತ್ಸೆಗೆ ಹೋಗುತ್ತಾರೆ. ಬ್ರಿಟನ್‌ನಲ್ಲಿ ಖಾಸಗಿ ಚಿಕಿತ್ಸೆಗೆ 11 ತಿಂಗಳ ತನಕ ಇರಲು ಕೇಳಬಹುದು. ಯೂರೋಪಿನ ಶೆಂಗೆನ್ ವೀಸಾ 180 ದಿನದಲ್ಲಿ 90 ದಿನಕ್ಕೆ ಮಾತ್ರ. ಕೀಮೋ ಆರು ತಿಂಗಳಿದ್ದರೆ ಆ ಲೆಕ್ಕ ಸರಿಹೋಗುವುದಿಲ್ಲ. ಜೊತೆಗೆ ಹೋಗುವವರ ವೀಸಾಗೂ ಒಟ್ಟಿಗೇ ಹಾಕಿ.

ವಿಮಾನದಲ್ಲಿ ತೊಂದರೆ ಆಗಲ್ವಾ?

ಆಗಬಹುದು. ಹಾರುವಾಗ ಒಳಗಿನ ಗಾಳಿ ಸುಮಾರು 6000ರಿಂದ 8000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ತೆಳು. ಶ್ವಾಸಕೋಶದಲ್ಲಿ ನೀರಿದ್ದರೆ, ರಕ್ತ ತೀರಾ ಕಡಿಮೆ ಇದ್ದರೆ ಅದು ಗೊತ್ತಾಗುತ್ತದೆ. ಆಕ್ಸಿಜನ್ ಬೇಕಿದ್ದರೆ ಏರ್‌ಲೈನ್‌ಗೆ ಮೊದಲೇ ಹೇಳಬೇಕು. ಡಾಕ್ಟರ್ ತುಂಬಿಸಿಕೊಡುವ ಫಾರಂ ಒಂದಿದೆ, ಮೆಡಿಫ್ ಅಂತ. ಹೊಟ್ಟೆ ಅಥವಾ ಎದೆಯ ಆಪರೇಷನ್ ಆಗಿ ಎಷ್ಟು ದಿನದ ಮೇಲೆ ಹಾರಬಹುದು ಅಂತ ಸರ್ಜನ್ ಬರೆದುಕೊಡಲಿ.

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕ್ಯಾನ್ಸರ್ ಇದ್ದವರಿಗೆ ಜಾಸ್ತಿ. ಇದನ್ನು ಫ್ರಾನ್ಸಿನ ವೈದ್ಯ ಆರ್ಮಾಂ ಟ್ರೂಸೋ 1865ರಲ್ಲೇ ಗುರುತಿಸಿದ್ದ. ಎರಡು ವರ್ಷದ ಮೇಲೆ ಅವನ ಮೈಯಲ್ಲೇ ಹೆಪ್ಪು ಕಾಣಿಸಿತು, ಅವನೂ ಕ್ಯಾನ್ಸರಿನಿಂದಲೇ ಹೋದ. ರಕ್ತ ತೆಳುಮಾಡುವ ಇಂಜೆಕ್ಷನ್ ಬೇಕಾ ಅಂತ ಕೇಳಿ. ನಡುದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ, ಎದ್ದು ನಡೆಯಲು ಸುಲಭ. ಫೈಲು, ಔಷಧಿ ಎರಡೂ ಕೈಚೀಲದಲ್ಲೇ ಇರಲಿ.

ಮಾರ್ಫಿನ್ ಮಾತ್ರೆ ತೆಗೆದುಕೊಂಡು ಹೋಗಬಹುದಾ?

ಡಾಕ್ಟರ್ ಚೀಟಿ, ಮೂಲ ಡಬ್ಬಿ, ಪ್ರಯಾಣಕ್ಕೆ ಬೇಕಾದಷ್ಟೇ ಲೆಕ್ಕ ಇದ್ದರೆ ಬಹಳ ಕಡೆ ಸಾಧ್ಯ. ಕೆಲವು ದೇಶಗಳಿಗೆ ಮುಂಚೆಯೇ ಪರವಾನಗಿ ಬೇಕು. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿ ಪ್ರಯಾಣಿಕರಿಗಾಗಿ ದೇಶವಾರು ನಿಯಮಗಳನ್ನು ಪ್ರಕಟಿಸುತ್ತದೆ. ಸಿಕ್ಕಿಬೀಳುವ ಭಯಕ್ಕೆ ಮಾತ್ರೆ ಬಿಟ್ಟು ಹೊರಡಬೇಡಿ. ನೋವು ವಿಮಾನದಲ್ಲೇ ಏಳುತ್ತದೆ.

ನನಗೆ ಇಂಗ್ಲಿಷ್ ಬರುತ್ತದೆ. ಇಂಟರ್‌ಪ್ರಿಟರ್ ಯಾಕೆ?

ನನಗೂ ಬರುತ್ತಿತ್ತು. ಸರ್ಜನ್ "ಸ್ವಲ್ಪ ಉಳಿದಿರಬಹುದು" ಅಂದದ್ದನ್ನು ನಾನು ಅಮ್ಮನಿಗೆ "ಎಲ್ಲ ತೆಗೆದಿದ್ದಾರಂತೆ" ಅಂತ ಹೇಳಿದೆ. ಭಾಷೆ ಬಾರದೆ ಅಲ್ಲ, ಬಾಯಿ ಬಾರದೆ. ಇಂಟರ್‌ಪ್ರಿಟರ್ ಕೇಳಿ, ನೀವು ಮಗಳಾಗಿ ಪಕ್ಕದಲ್ಲಿ ಕೂತಿರಿ.

ವಾಪಸ್ ಬಂದ ಮೇಲೆ ಯಾರು ನೋಡುತ್ತಾರೆ?

ಹೊರಡುವ ಮುಂಚೆ ಇದ್ದ ಡಾಕ್ಟರೇ. ಅದಕ್ಕೇ ಅವರಿಗೆ ಹೇಳದೆ ಕದ್ದು ಹೊರಡಬೇಡಿ. ಬೇರೆಯವರ ಅಭಿಪ್ರಾಯ ಕೇಳಿದರೆ ಬೇಜಾರಾಗುತ್ತಾರೇನೋ ಅಂತ ಹೆದರಿ ಎಷ್ಟೋ ಮನೆಯವರು ಈ ಕೊಂಡಿಯನ್ನು ಕಡಿದುಕೊಳ್ಳುತ್ತಾರೆ. ನಾವೂ ಹೆದರಿಕೊಂಡೇ ಹೇಳಿದ್ದು. ಅವರು ಕುರ್ಚಿ ಹತ್ತಿರ ಎಳೆದುಕೊಂಡು, "ಅಲ್ಲಿಯವರ ಇಮೇಲ್ ಕೊಡಿ, ನಾನೇ ಬರೀತೀನಿ" ಅಂದರು. ಅಲ್ಲಿಂದ ಹೊರಡುವಾಗ ಕೊಟ್ಟ ಔಷಧಿ ಮತ್ತು ಡೋಸ್, ಆಪರೇಷನ್ ನೋಟ್ಸ್, ಮುಂದಿನ ಸ್ಕ್ಯಾನ್ ಯಾವಾಗ, ಏನಾದರೆ ಯಾರಿಗೆ ಬರೆಯಬೇಕು, ಇಷ್ಟು ಕೈಯಲ್ಲಿರಲಿ. ಕೀಮೋ ಪೋರ್ಟ್, ಅಂದರೆ ಔಷಧಿ ಬಿಡಲು ಚರ್ಮದ ಕೆಳಗೆ ಇಡುವ ಪುಟ್ಟ ಸಾಧನ, ಹಾಕಿದ್ದರೆ ಅದನ್ನು ಆಗಾಗ ತೊಳೆಸುತ್ತಿರಬೇಕು. ಯಾರು ತೊಳೆಯುತ್ತಾರೆ ಅಂತಲೂ ಕೇಳಿಕೊಂಡಿರಿ.

ಕೇಳಬಾರದು, ಆದರೂ ಕೇಳುತ್ತೇನೆ. ಅಲ್ಲೇ ಏನಾದರೂ ಆಗಿಬಿಟ್ಟರೆ?

ಕೇಳಬೇಕಾದ ಪ್ರಶ್ನೆಯೇ. ಆ ದೇಶದ ಮರಣ ಪತ್ರ, ಶವ ಕೆಡದಂತೆ ಮಾಡಿದ ಪ್ರಮಾಣಪತ್ರ, ನಿಮ್ಮ ರಾಯಭಾರ ಕಚೇರಿಯ ಒಪ್ಪಿಗೆ, ಏರ್‌ಲೈನಿನ ಕಾರ್ಗೋ ವ್ಯವಸ್ಥೆ ಇಷ್ಟು ಆಗಬೇಕು. ದಿನಗಳು ಹಿಡಿಯುತ್ತವೆ. ಅಲ್ಲೇ ದಹನ ಮಾಡಿ ಬೂದಿ ತರುವವರೂ ಇದ್ದಾರೆ. ಈ ಕೆಲಸ ಮಾಡಿಕೊಡುವವರ ವಿವರ ಆಸ್ಪತ್ರೆಯಲ್ಲಿ ಇರುತ್ತದೆ. ಅಮ್ಮನ ಮನಸ್ಸಿನಲ್ಲಿ ಏನಿದೆ ಅಂತ ಹೊರಡುವ ಮುಂಚೆ ಒಮ್ಮೆ ಕೇಳಿ. ನಾನು ಸುತ್ತಿ ಬಳಸಿ ಕೇಳಿದ್ದಕ್ಕೆ ಅಮ್ಮ ನೇರವಾಗಿ ಉತ್ತರ ಕೊಟ್ಟರು, ಆಮೇಲೆ ಸೂಟ್‌ಕೇಸಿನ ಬೀಗದ ಕೀಲಿ ಎಲ್ಲಿ ಅಂತ ಕೇಳಿದರು.

ಹೋಗದೇ ಇದ್ದರೆ ಅಮ್ಮನನ್ನು ಕೈಬಿಟ್ಟ ಹಾಗಾ?

ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯಿತು. ಅರ್ಧ ಜನರಿಗೆ ಮಾಮೂಲು ಚಿಕಿತ್ಸೆ. ಇನ್ನರ್ಧಕ್ಕೆ ಅದರ ಜೊತೆಗೆ ಮೊದಲಿಂದಲೇ ಪ್ಯಾಲಿಯೇಟಿವ್ ಆರೈಕೆ, ಅಂದರೆ ನೋವು, ಉಸಿರು, ನಿದ್ದೆ, ಮನಸ್ಸು ಇವನ್ನು ನೋಡಿಕೊಳ್ಳುವ ತಂಡ. 2010ರಲ್ಲಿ ಬಂದ ಫಲಿತಾಂಶ ಡಾಕ್ಟರುಗಳಿಗೂ ಅಚ್ಚರಿ. ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಾಗಿದ್ದರು. ಕೊನೆಗಾಲದಲ್ಲಿ ಅವರಲ್ಲಿ ಕಮ್ಮಿ ಜನ ಕಠಿಣ ಚಿಕಿತ್ಸೆ ಪಡೆದರು, ಹೀಗಿದ್ದೂ ಜಾಸ್ತಿ ದಿನ ಬದುಕಿದರು. ಮಧ್ಯಮ ಲೆಕ್ಕದಲ್ಲಿ 11.6 ತಿಂಗಳು. ಉಳಿದವರು 8.9. ಪ್ಯಾಲಿಯೇಟಿವ್ ಅಂದರೆ ಕೈಚೆಲ್ಲುವುದು ಅಂತ ಹೇಳುವವರಿಗೆ ನಾನು ಈ ಎರಡು ಅಂಕಿ ಹೇಳುತ್ತೇನೆ.

ನಿಮ್ಮಮ್ಮ ಈಗ ಹೇಗಿದ್ದಾರೆ?

ಆಪರೇಷನ್‌ಗೆ ಏಳು ವಾರ ಹೊರಗಿದ್ದು ಬಂದೆವು. ಮೂರು ವರ್ಷ ಚೆನ್ನಾಗಿದ್ದರು. ಲೈಪೋಸಾರ್ಕೋಮಾ ಇದ್ದ ಜಾಗದಲ್ಲೇ ಮತ್ತೆ ಹುಟ್ಟುವ ಸ್ವಭಾವದ್ದು, ಹುಟ್ಟಿತು. ಅಣ್ಣ ಮತ್ತೆ ಪಾಸ್‌ಪೋರ್ಟ್ ತೆಗೆದ. ಅಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡರು. ಸ್ಲೈಡ್ ಮಾತ್ರ ಕಳಿಸಿದೆವು. ಅಲ್ಲಿಯವರೂ, ಇಲ್ಲಿನ ಡಾಕ್ಟರೂ ಒಂದೇ ಮಾತು ಹೇಳಿದರು. ಇನ್ನೊಂದು ವರ್ಷ ಮನೆಯಲ್ಲಿದ್ದರು, ಕಿಟಕಿ ಪಕ್ಕದ ಮಂಚದಲ್ಲಿ. ಡಬ್ಬಿ ಕೊರಿಯರಿನಲ್ಲಿ ವಾಪಸ್ ಬಂದಿದ್ದು ಅವರು ಹೋದ ಹನ್ನೊಂದು ದಿನಕ್ಕೆ. ನಾನೇ ಸಹಿ ಹಾಕಿ ತಗೊಂಡೆ.